ಕಪ್ಪು ಚೌಕಗಳ ತರಗತಿ

ಅಫಜಲಪುರದ ಪದವಿ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ಪದವಿ ಓದನ್ನು ಅರ್ಧಕ್ಕೆ ಬಿಟ್ಟವರಿಗಾಗಿ ಆನ್‌ಲೈನ್ ಕೋರ್ಸ್ ರೂಪಿಸುವ ಕೆಲಸ ನನಗೆ ಬಂದಾಗ ಖುಷಿಯಿಂದಲೇ ಒಪ್ಪಿಕೊಂಡೆ. ಆಳಂದ, ಜೇವರ್ಗಿ, ಯಡ್ರಾಮಿ ಕಡೆಯ ಹೆಣ್ಣುಮಕ್ಕಳೇ ಹೆಚ್ಚಾಗಿ ಸೇರಿದರು. ಬಹಳಷ್ಟು ಮಂದಿಗೆ ಮದುವೆಯಾಗಿತ್ತು.

ಚಿತ್ರ ಹಾಕಿ, ಬಣ್ಣ ತುಂಬಿ ಸ್ಲೈಡುಗಳನ್ನು ಸಿದ್ಧಮಾಡಿದ್ದೆ. ಪಾಠ ಶುರುವಾದರೆ ಪರದೆಯ ತುಂಬ ಕಪ್ಪು ಚೌಕಗಳು. ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಬರೀ ಮೌನ.

ಒಂದು ದಿನ ಕುಟುಂಬದ ಬಗ್ಗೆ ಪಾಠ ಮಾಡುತ್ತಿದ್ದೆ. ಜೇವರ್ಗಿಯ ವಿದ್ಯಾರ್ಥಿನಿಯೊಬ್ಬಳ ಮೈಕು ತೆರೆದೇ ಉಳಿದಿತ್ತು. ಹೊಲಿಗೆ ಯಂತ್ರದ ಸದ್ದಿನ ನಡುವೆ ವಯಸ್ಸಾದ ಗಂಡಸಿನ ದನಿ ಕೇಳಿಸಿತು: “ಯಾರೂ ಹೂಂ ಅನ್ನವಲ್ರು. ಪಾಪ, ಆ ಮೇಡಂಬಾಯಿ ಒಬ್ಬಾಕಿನೇ ಮಾತಾಡಾಕತ್ತಾಳಲ್ಲ!”

ಎರಡು ಮೂರು ಕಡೆಯಿಂದ ನಗು ಸಿಡಿಯಿತು. ನನಗೂ ನಗು ತಡೆಯಲಾಗಲಿಲ್ಲ. ಆದರೆ ಆ ಹುಡುಗಿ ತಟ್ಟನೆ ತರಗತಿಯಿಂದ ಹೊರಬಿದ್ದಳು. ಮುಂದಿನ ಪಾಠಕ್ಕೂ ಬರಲಿಲ್ಲ. ಫೋನ್ ಮಾಡಿದೆ.

“ನಾಚ್ಕಿ ಆತ್ರಿ ಮೇಡಂ. ಮಾವಾರು ಟೇಲರ್ ಅದಾರ್ರಿ, ಮನ್ಯಾಗೇ ಹೊಲೀತಾರ. ಸುಮ್ನ ಅಂದ್ಬಿಟ್ರು.”

ಅಷ್ಟರಲ್ಲಿ ಮಾವನೇ ಫೋನ್ ತೆಗೆದುಕೊಂಡರು. “ಮಾಫ್ ಮಾಡ್ರಿ ಮೇಡಂ. ನೀವು ಚೊಲೋ ಹೇಳ್ತೀರಿ. ಮಂದಿ ಮಾತಾಡ್ಲಿಲ್ಲಂದ್ರ ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?”

“ಆಗ್ತದ್ರಿ ಕಾಕಾ,” ಎಂದೆ. ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಆಮೇಲೆ ಪಾಠದ ರೂಪವನ್ನೇ ಬದಲಿಸಿದೆ. ನನ್ನ ಮಾತನ್ನು ಚಿಕ್ಕದು ಮಾಡಿ, ಬಿಡುವಾದಾಗ ಕೇಳಿಕೊಳ್ಳಲು ಮೊದಲೇ ಕಳಿಸಿದೆ. ಪ್ರತಿ ವಾರ ಒಂದು ಪ್ರಶ್ನೆ ಕೊಟ್ಟು, ಅದನ್ನು ಮನೆಯ ಹಿರಿಯರನ್ನು ಕೇಳಿ, ಉತ್ತರವನ್ನು ಧ್ವನಿಮುದ್ರಿಸಿ ಕಳಿಸಲು ಹೇಳಿದೆ. ತರಗತಿ ಇದ್ದದ್ದು ಅವನ್ನು ಕೇಳಿ ಚರ್ಚಿಸುವುದಕ್ಕೆ.

“ನಿಮ್ಮ ಮನೆಯಲ್ಲಿ ನಿರ್ಧಾರ ಮಾಡುವವರು ಯಾರು?” ಎಂಬ ಪ್ರಶ್ನೆಗೆ ಜೇವರ್ಗಿಯ ಹುಡುಗಿ ಮಾವನನ್ನೇ ಮಾತಾಡಿಸಿದ್ದಳು. ಅವರು ವಾರ್ತೆ ಓದುವವರಂತೆ ಗಂಭೀರವಾಗಿ ಶುರುಮಾಡಿದರು: “ನಮ್ಮನ್ಯಾಗ ಎಲ್ಲಾರ್ನೂ ಕೇಳೇ ಮಾಡ್ತೇವಿ. ಸೊಸಿ ಓದ್ಲಿ ಅಂತ ನಾನೇ ಕಾಲೇಜಿಗೆ ಹಚ್ಚೇನಿ.”

“ಇಲ್ರಿ ಮಾವಾ, ನಾನೇ ಎಷ್ಟು ಸಲ ಕೇಳ್ಕೊಂಡಿದ್ದೆ. ನೀವು ಮೊದ್ಲ ಬ್ಯಾಡ ಅಂದಿದ್ರಿ.”

ಹಿಂದೆ ಕೇಳುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತಿತು. ಬಳಿಕ ಅವರು ಮೆಲ್ಲಗೆ, “ಅಂದಿದ್ದೆ, ಖರೆ,” ಎಂದರು.

ಅದನ್ನು ಕತ್ತರಿಸದೆ ಹಾಗೇ ಕಳಿಸಿದ್ದಳು. ತರಗತಿಯಲ್ಲಿ ಕೇಳಿಸಲೇ ಎಂದು ವಿಚಾರಿಸಿದೆ. “ಮಾವಾರೇ ಕೇಳಸ್ರಿ ಅಂದಾರ್ರಿ,” ಅಂದಳು.

ಅದನ್ನು ಕೇಳಿಸಿದ ದಿನ ಕ್ಯಾಮೆರಾಗಳು ಒಂದೊಂದಾಗಿ ತೆರೆದುಕೊಂಡವು. ಅಡುಗೆಮನೆ, ಮಹಡಿಯ ಮೆಟ್ಟಿಲು, ತೊಡೆಯ ಮೇಲೆ ಮಲಗಿದ ಕೂಸು. ಆಳಂದದ ಒಬ್ಬಳು, “ನಮ್ಮನ್ಯಾಗ ಈ ಪ್ರಶ್ನಿ ಕೇಳಾಕ ನನಗ ಧೈರ್ಯ ಆಗ್ಲಿಲ್ರಿ,” ಎಂದು ಹೇಳಿ ಅತ್ತುಬಿಟ್ಟಳು. ನಾನು ಬರೆದಿಟ್ಟುಕೊಂಡಿದ್ದ ವ್ಯಾಖ್ಯೆಗಳನ್ನು ಓದಲೇ ಇಲ್ಲ. ಎಲ್ಲರೂ ಮಾತಾಡಲು ಶುರುಮಾಡಲಿಲ್ಲ, ನಿಜ. ಕೆಲವರು ಕೊನೆಯವರೆಗೂ ಮೌನವಾಗಿಯೇ ಉಳಿದರು. ಅವರ ಮನೆಗಳಲ್ಲಿ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ಕೊನೆಯ ಪರೀಕ್ಷೆ ಬರೆಯಲು ಜೇವರ್ಗಿಯ ಹುಡುಗಿ ಮಾವನ ಜೊತೆ ಅಫಜಲಪುರಕ್ಕೆ ಬಂದಳು. ಮಾವನನ್ನು ದನಿಯಿಂದಲೇ ಗುರುತು ಹಿಡಿದೆ. ಪರೀಕ್ಷೆ ಮುಗಿದ ಮೇಲೆ, ಅವರು ಚಹಾ ತರಲು ಹೋದ ಗಳಿಗೆ ನೋಡಿ ನನ್ನ ಹತ್ತಿರ ಸರಿದಳು.

“ಮುಂದ ಎಂ.ಎ. ಮಾಡ್ಬೇಕಂತೇನಿ ಮೇಡಂ. ಇನ್ನೂ ಮನ್ಯಾಗ ಹೇಳಿಲ್ರಿ.”

“ಯಾವಾಗ ಹೇಳ್ತೀಯವ್ವಾ?”

ಅವಳು ಚಹಾದಂಗಡಿಯ ಕಡೆ ನೋಡಿ, ಸೆರಗು ಸರಿಮಾಡಿಕೊಂಡಳು. “ಈಗ್ಲೇ, ಬಸ್ಸಿನ್ಯಾಗ.”