ಒಡ್ಡಿನ ಬೆವರು

ತ್ರಿಪ್ಲಿಕೇನಿನಲ್ಲಿ ನಾನು ದಿನಾ ಊಟ ಮಾಡುತ್ತಿದ್ದ ಹೋಟೆಲಿನ ಯಜಮಾನರು ಉಡುಪಿ ಕಡೆಯವರು. ಸಾಂಬಾರು ತಳ ಹಿಡಿದರೂ, ಗೋಡೆ ಬಿರುಕು ಬಿಟ್ಟರೂ ಹೊಟ್ಟೆ ಸವರಿಕೊಂಡು "ಎಂತದೂ ಆಗುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಊರಾಚೆಯ ತಮ್ಮ ತೋಟದಲ್ಲಿ ಅವರು ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿಸಿ, ರಜೆಯಲ್ಲಿ ಬರುವವರಿಗಾಗಿ ಹಂಸದ ಆಕಾರದ ಪೆಡಲ್ ದೋಣಿಗಳನ್ನು ಬಿಟ್ಟಿದ್ದರು. ಮಳೆಗಾಲದ ಒಂದು ಭಾನುವಾರ ನನ್ನನ್ನೂ ಕರೆದೊಯ್ದರು. ಕೆರೆ ತುಂಬಿತ್ತು, ದೋಣಿಗಳೂ ತುಂಬಿದ್ದವು. ಒಡ್ಡಿನ ಹೊರಬದಿಯ ಬುಡದಲ್ಲಿ ನೀರು ಜಿನುಗುವುದನ್ನು ಅವರ ಹೆಂಡತಿ ತೋರಿಸಿದರು.

"ಒಡ್ಡು ಅಂದ್ಮೇಲೆ ಸ್ವಲ್ಪ ಬೆವರ್ತದೆ. ಎಂತದೂ ಆಗುದಿಲ್ಲ."

"ಬೆವರು ಕೆಂಪಗಿರ್ತದಾ? ಒಳಗಿನ ಮಣ್ಣು ಕರಗಿ ಬರ್ತಾ ಉಂಟು."

ಆಕೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಆ ಜಿನುಗಿನ ಎದುರಿಗೇ ಕೂತುಬಿಟ್ಟರು.

"ಏಳು ಮಾರಾಯ್ತಿ ಅಲ್ಲಿಂದ!"

"ಯಾಕೆ? ಎಂತದೂ ಆಗುದಿಲ್ಲಲ್ಲ?"

ಯಜಮಾನರು ಪಂಚೆ ಎತ್ತಿ ಕಟ್ಟಿ, "ಎಲ್ಲಾರುಂ ವೆಳಿಯೆ ವಾಂಗ!" ಎಂದು ತಮಿಳಿನಲ್ಲಿ ಅರಚಿ ದೋಣಿಯವರನ್ನೆಲ್ಲ ದಡಕ್ಕೆ ಕರೆಸಿದರು. ತೂಬಿನ ಚಕ್ರಕ್ಕೆ ತಾವೇ ಜೋತುಬಿದ್ದು ತಿರುಗಿಸಿದರು. ನೀರು ಪಕ್ಕದ ಕಾಲುವೆಗೆ ಹರಿಯತೊಡಗಿದ ಮೇಲೆಯೇ ಆಕೆ ಎದ್ದದ್ದು. ಸಂಜೆಯ ಹೊತ್ತಿಗೆ ಹಂಸಗಳೆಲ್ಲ ಕೆಸರಿನಲ್ಲಿ ಕೂತಿದ್ದವು.

ಮುಂದಿನ ವಾರ ಒಡ್ಡು ಪರೀಕ್ಷಿಸಲು ಎಂಜಿನಿಯರ್ ಬಂದಾಗಲೂ ನಾನಿದ್ದೆ. ರಿಪೇರಿಯಾಗುವ ತನಕ ನೀರು ನಿಲ್ಲಿಸಕೂಡದು ಎಂದ ಅವರು, ಇದರ ಸುರಕ್ಷತೆ ನೋಡಿಕೊಳ್ಳುವವರು ಯಾರೆಂದು ಕೇಳಿದರು. ಯಜಮಾನರು ಹೆಂಡತಿಯತ್ತ ಕೈ ತೋರಿಸಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು:

"ನಾನು ಬರೀ ದೋಣಿ ತೊಳೆಯುವವ."