ಲಕ್ವಾ ಎಂಬ ಮಾತನ್ನು ನಂಬದ ಕಾಸೀಮಸಾಬರು

ಹಾವೇರಿ ಜಿಲ್ಲೆಯ ಆಸ್ಪತ್ರೆಗಳಲ್ಲಿ ವಿಮೆಯ ಬಿಲ್ಲು ತಯಾರಿಸುವವರು ಎಷ್ಟೋ ಮಂದಿ ಇದ್ದಾರೆ. ಆದರೆ ರೋಗಕ್ಕೊಂದು ಕೋಡ್, ಔಷಧಕ್ಕೊಂದು ಕೋಡ್ ಹಚ್ಚುವ ಈ ಒಣ ಕೆಲಸದಲ್ಲಿ ಸಂಶಯವನ್ನೇ ಸಾಧನೆ ಮಾಡಿಕೊಂಡವರು, ರಾಣೇಬೆನ್ನೂರಿನ ನಮ್ಮ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಿಂದ ನಿವೃತ್ತರಾಗುತ್ತಿರುವ ಶ್ರೀ ಕಾಸೀಮಸಾಬರೊಬ್ಬರೇ. ಅಭಿನಂದನ ಗ್ರಂಥದೊಳಗೆ ಕಾಲಿಟ್ಟವರೆಲ್ಲ ದೇವಮಾನವರಾಗಿಬಿಡುತ್ತಾರೆಂಬ ಗುಮಾನಿ ನನಗೂ ಇದೆ. ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಗುತ್ತಲದಿಂದ ಬಂದು ಕೆಲಸಕ್ಕೆ ಸೇರಿದಂದಿನಿಂದಲೂ ಅವರು ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ಔಷಧ ವಿಭಾಗದ ನಾನು ಇಮ್ಯುನೊಗ್ಲಾಬ್ಯುಲಿನ್ ಎಂಬ ದುಬಾರಿ ಔಷಧದ ಬಾಟಲಿಗಳನ್ನು ವಾರ್ಡಿಗೆ ಕಳಿಸಿದರೆ, ಖಾಲಿ ಬಾಟಲಿ ಮರಳಿ ಬರುವವರೆಗೆ ಬಿಲ್ಲಿಗೆ ಸೇರಿಸುತ್ತಿರಲಿಲ್ಲ. ನನ್ನನ್ನು ಕಳ್ಳನೆಂದುಕೊಂಡಿದ್ದಾರೆಂದು ನನಗೆ ಬಹಳ ಸಿಟ್ಟಿತ್ತು. "ನಿಮ್ಮ ಮ್ಯಾಲ ಅಷ್ಟ ಅಲ್ರಿ, ನನಗ ನನ್ನ ಮ್ಯಾಲೂ ನಂಬಿಕಿ ಇಲ್ಲ" ಎಂದು ಚಹಾ ತರಿಸುತ್ತಿದ್ದರು. ಆ ಚಹಾದ ಹಿಂದೆ ಏನು ಮಸಲತ್ತಿದೆಯೋ ಎಂದುಕೊಂಡೇ ನಾನು ಕುಡಿಯುತ್ತಿದ್ದೆ.

ಕಳೆದ ವರ್ಷ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಪ್ಪನವರು ತಮ್ಮ ಸೊಸೆ ಭುವನಾಳನ್ನು ಎತ್ತಿಕೊಂಡು ಬಂದರು. ಕೈಕಾಲು ಬಿದ್ದರೆ ನಮ್ಮ ಕಡೆ ಎಲ್ಲಕ್ಕೂ ಒಂದೇ ಹೆಸರು, ಲಕ್ವಾ. ಅವರು ಹೇಳಿದ್ದನ್ನೇ ದಾಖಲಾತಿಯವರು ಬರೆದುಕೊಂಡರು. ಅದನ್ನೇ ನಂಬಿ ಬಿಲ್ಲಿಂಗಿನ ಹುಡುಗಿ ಪಾರ್ಶ್ವವಾಯುವಿನ ಕೋಡ್ ಹಚ್ಚಿದಳು. ಡಾ. ವೀರೇಂದ್ರ ಅವರು ಪರೀಕ್ಷಿಸಿ, ಇದು ಪಾರ್ಶ್ವವಾಯುವಲ್ಲ, ನರಗಳಿಗೆ ಬರುವ ಜಿಬಿಎಸ್ ಎಂಬ ಕಾಯಿಲೆ, ಉಸಿರಿಗೆ ಏರುವ ಮುನ್ನ ಇಮ್ಯುನೊಗ್ಲಾಬ್ಯುಲಿನ್ ಕೊಡಲೇಬೇಕು ಎಂದರು. ಪಾರ್ಶ್ವವಾಯುವಿಗೆ ಈ ದುಬಾರಿ ಔಷಧ ಏಕೆಂದು ವಿಮೆಯವರು ಮಂಜೂರಾತಿ ತಡೆದರು. ಮಂಜೂರಾತಿ ಇಲ್ಲದೆ ಔಷಧ ತರಿಸಲು ಆಡಳಿತದವರು ಒಪ್ಪಲಿಲ್ಲ.

"ಕೋಡ್ ಬದ್ಲಿ ಮಾಡಿ ಕಳಿಸಿಬಿಡ್ರಿ" ಎಂದೆ ನಾನು. ಕಾಸೀಮಸಾಬರು ನನ್ನನ್ನು ಒಂದು ನಮೂನೆ ನೋಡಿ, ವಾರ್ಡಿಗೆ ಹೋಗಿ ಭುವನಾಳ ಅತ್ತೆ ಮುದುಕವ್ವನನ್ನು ಕೇಳಿದರು.

"ಲಕ್ವಾ ಅಂದ್ರ ಒಂದ ಕಡೆ ಹೊಡೀತೈತಿ, ಈಕಿಗೆ ಯಾವ ಕಡೆ ಹೊಡದೈತವ್ವಾ?"

"ಒಂದ ಕಡೆ ಅಂತ ಇಲ್ರಿ. ಮೊದ್ಲ ಎರಡೂ ಕಾಲು ಹೋದ್ವು, ಈಗ ಕೈ ಎತ್ತಾಕ ಬರವಲ್ದು."

ಕೊಟ್ರಪ್ಪನವರಿಗೆ ಈ ವಿಚಾರಣೆಯೇ ಮೋಸದಂತೆ ಕಂಡಿತು. "ಸಾಬ್ರ, ನಾವು ಲಕ್ವಾ ಅಂತ ಕರಕೊಂಡ ಬಂದೇವಿ. ನೀವು ರೋಗಾನ ಬದ್ಲಿ ಮಾಡಾಕತ್ತೀರೇನು?"

"ಸಂಶಯ ಇರ್ಲಿ ಯಜಮಾನ್ರ, ಒಳ್ಳೇದ. ನಾ ಬರಿಯಾಂಗಿಲ್ಲ. ಡಾಕ್ಟರ್ ನಿಮ್ಮ ಮುಂದ ಹೇಳ್ತಾರ, ನಿಮ್ಮ ಮುಂದ ಬರೀತಾರ. ಲಗೂ ಬರ್ರಿ."

ವೈದ್ಯರು ಹಾಗೆಯೇ ಬರೆದುಕೊಟ್ಟರು, ಕೋಡ್ ಬದಲಾಯಿತು, ಮಂಜೂರಾತಿ ಬಂದು ಔಷಧ ಏರಿತು. ಭುವನಾಳಿಗೆ ಉಸಿರಾಟದ ಯಂತ್ರ ಬೇಕಾಗಲಿಲ್ಲ.

ಕೆಲವು ತಿಂಗಳ ಮೇಲೆ ಆಕೆ ನಮ್ಮ ವಿಭಾಗಕ್ಕೆ ನಡೆದುಕೊಂಡು ಬಂದು, "ಆರಾಮಾಗೇನಿ ಕಾಕಾ" ಎಂದಳು. ನಾವೆಲ್ಲ ನಂಬಿದೆವು. ಕಾಸೀಮಸಾಬರು ಮಾತ್ರ ಕನ್ನಡಕ ಏರಿಸಿಕೊಂಡು, "ಆ ಬಾಗಲತನಕ ಹೋಗಿ ಬಾರವ್ವಾ, ನೋಡ್ತೇನಿ" ಎಂದರು. ಆಕೆ ಹೋಗಿ ಬಂದಳು. "ಇನ್ನೊಮ್ಮೆ" ಎಂದರು. ಆಕೆ ಮತ್ತೆ ನಡೆದು ಬಂದ ಮೇಲೆ ನಮಗೆಲ್ಲ ಚಹಾ ತರಿಸಿದರು. ಅವರ ಮೇಲೆ ನನಗಿದ್ದ ಸಿಟ್ಟು ಅಂದಿಗೆ ಮುಗಿಯಿತು.

ಪೂಜ್ಯರಾದ ಕಾಸೀಮಸಾಬರಿಗೂ ಅವರ ಧರ್ಮಪತ್ನಿ ದೌಲತಬಿಯವರಿಗೂ ದೇವರು ನಿಡುಬಾಳನ್ನು ಕರುಣಿಸಲಿ. ನಿವೃತ್ತಿಯ ನಂತರವೂ ಅವರು ಆಗಾಗ ಬಂದು ನಮ್ಮ ಕೆಲಸವನ್ನು ಓರೆಗಣ್ಣಿನಿಂದ ನೋಡುತ್ತಿರಲಿ. ಅವರು ನೋಡುತ್ತಾರೆಂಬ ಅಂಜಿಕೆ ನಮಗಿರುವವರೆಗೆ, ಒಳಗೆ ಮಲಗಿದವರು ನೆಮ್ಮದಿಯಿಂದ ಉಸಿರಾಡಬಹುದು.