ತಾರಸಿಯ ಮೇಲೆ ಒಣಗಿಸಿದ ಕರಡಿ ಮಾಂಸ

ತೊಂಬತ್ತರ ದಶಕದಲ್ಲಿ ನಾನು ದೋಹಾದಲ್ಲಿ ಒಬ್ಬ ಕೆನಡಾದ ಇಂಜಿನಿಯರ್ ಮನೆಯಲ್ಲಿ ಅಡುಗೆಗಿದ್ದೆ. ಆ ಮನುಷ್ಯನಿಗೆ ಬೇಟೆಯ ಹುಚ್ಚು. ರಜೆಗೆ ಹೋದವನು ತಾನೇ ಹೊಡೆದ ಕರಡಿಯ ಮಾಂಸವನ್ನು ಐಸಿನಲ್ಲಿಟ್ಟು ತಂದಿದ್ದ. ಕಸ್ಟಮ್ಸ್‌ನವರ ಕಣ್ಣು ಹೇಗೆ ತಪ್ಪಿತೋ ದೇವರೇ ಬಲ್ಲ. "ಚೆನ್ನಾಗಿ ಬೇಯಬೇಕು. ಒಳಗೆ ಚೂರೂ ಕೆಂಪು ಉಳಿಯಬಾರದು, ಇದರಲ್ಲಿ ಹುಳ ಇರುತ್ತದೆ" ಎಂದು ಎರಡೆರಡು ಸಲ ಹೇಳಿದ. ಮೂರು ಗಂಟೆ ಬೇಯಿಸಿ ಬಡಿಸಿದೆ. ಖುಷಿಯಾಗಿ ನನಗೂ ಒಂದು ಹಸಿ ತುಂಡು ಕೊಟ್ಟ.

ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ರೂಮಿನಲ್ಲಿದ್ದವರು ಮೂವರು: ನಾನು, ನನ್ನ ಅಕ್ಕನ ಗಂಡ ಭಾವ, ಮತ್ತೆ ನಮ್ಮೂರ ಕಡೆಯ ಒಬ್ಬ ಬ್ಯಾರಿ ಮುಸ್ಲಿಂ ಹಿರಿಯರು. ಅವರನ್ನು ಕಾಕ ಎನ್ನುತ್ತಿದ್ದೆವು. ಅಡುಗೆಮನೆ ಒಂದೇ. ಹಲಾಲ್ ಅಲ್ಲದ್ದನ್ನು ಒಳಗೆ ತರುವುದಿಲ್ಲವೆಂದು ನಾವಾಗಿಯೇ ಅವರಿಗೆ ಮಾತು ಕೊಟ್ಟಿದ್ದೆವು. ಅದಕ್ಕೇ ಆ ತುಂಡನ್ನು ಆಡಿನ ಮಾಂಸ, ಒಣಗಿಸಲು ತಂದದ್ದು ಎಂದು ಕಾಕನಿಗೆ ಸುಳ್ಳು ಹೇಳಿದೆ. ಒಣಮಾಂಸ ಕಾಕನಿಗೆ ಸೇರುತ್ತಿರಲಿಲ್ಲ, ಅವರು ತಿನ್ನಲಿಲ್ಲ.

ಭಾವನಿಗೆ ಕಾಡುಮಾಂಸವೆಂದರೆ ಜೀವ. ಊರಲ್ಲಾದರೆ ಬೇಟೆಯ ಮಾಂಸಕ್ಕೆ ಉಪ್ಪು, ಅರಿಶಿನ ತಿಕ್ಕಿ ಒಲೆಯ ಹೊಗೆಗೆ ಕಟ್ಟಿ ಒಣಗಿಸುತ್ತಿದ್ದೆವು. ಬೇಕಾದಾಗ ಕೆಂಡಕ್ಕೆ ಹಿಡಿದು, ಜಜ್ಜಿ, ಗಂಜಿಗೆ ನೆಂಚಿಕೊಳ್ಳುತ್ತಿದ್ದೆವು. ದೋಹಾದಲ್ಲಿ ಒಲೆ ಎಲ್ಲಿಂದ ತರುವುದು? ತಂತಿಗೆ ಪೋಣಿಸಿ ತಾರಸಿಯ ಮೇಲೆ ಕಟ್ಟಿದೆವು. ಹುಳದ ವಿಷಯ ಹೇಳಿದರೆ ಭಾವ ನಕ್ಕರು. "ಈ ಬಿಸಿಲಿಗೆ ಮನುಷ್ಯನೇ ಸಾಯ್ತಾನೆ, ಹುಳ ಉಳೀತದಾ? ಸುಮ್ನಿರು ಮಾರಾಯ!" ನನಗೂ ಹೌದೆನಿಸಿತು. ಅಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡು ಬಂದವನಿಗೆ ಹೌದೆನಿಸಿತಲ್ಲ, ಥೂ!

ಒಣಗಿದ್ದನ್ನು ತಿನ್ನಲು ತೆಗೆದದ್ದು ಒಂದು ಸೋಮವಾರ, ನಾನು ಮಾಂಸ ತಿನ್ನದ ದಿನ. ನಾನೇ ಗ್ಯಾಸಿನ ಉರಿಗೆ ಎರಡು ನಿಮಿಷ ಹಿಡಿದು ಜಜ್ಜಿಕೊಟ್ಟೆ. ನನ್ನ ಪಾಲನ್ನೂ ಭಾವನೇ ಮುಗಿಸಿದರು.

ಹತ್ತು ಹನ್ನೆರಡು ದಿನಕ್ಕೆ ಅವರಿಗೆ ಜ್ವರ ಬಂತು. ರೆಪ್ಪೆಗಳು ಊದಿಕೊಂಡವು. ನೀರಿನ ಲೋಟ ಎತ್ತಲಾಗದಷ್ಟು ಮೈಕೈ ನೋವು. ಆಸ್ಪತ್ರೆಗೆ ಸೇರಿಸಿದೆವು. ಇತ್ತೀಚೆಗೆ ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದ್ದನ್ನು ಮಲಯಾಳಿ ನರ್ಸ್ ನನಗೆ ಹೇಳಿದಳು. ಪಕ್ಕದಲ್ಲೇ ಕಾಕ ನಿಂತಿದ್ದರು.

"ಮೀನು, ಅನ್ನ" ಎಂದೆ.

ಆ ನಾಲಿಗೆ ಅಲ್ಲೇ ಬಿದ್ದುಹೋಗಬಾರದಿತ್ತೇ! ಭಾವ ನನ್ನ ಮುಖ ನೋಡಿ ಕಣ್ಣು ಮುಚ್ಚಿಕೊಂಡರು. ಅವರೂ ಬಾಯಿ ಬಿಡಲಿಲ್ಲ. ನಾಲ್ಕು ದಿನ ಯಾವ ಯಾವುದೋ ಕಾಯಿಲೆಗೆ ಔಷಧಿ ನಡೆಯಿತು. ಐದನೆಯ ದಿನ ಉಸಿರಾಟ ಕಷ್ಟವಾದಾಗ ಕರಡಿ ಮಾಂಸದ ವಿಷಯ ಎಲ್ಲರೆದುರೇ ಹೇಳಿಬಿಟ್ಟೆ. ಡಾಕ್ಟರು ಬಯ್ಯಲಿಲ್ಲ. ಹುಳದ ಔಷಧಿ ಶುರುಮಾಡಿದರು. ರೋಗ ಆಗಲೇ ಹೃದಯಕ್ಕೆ ಮುಟ್ಟಿದೆ, ಮೊದಲ ದಿನವೇ ಹೇಳಿದ್ದರೆ ಚೆನ್ನಾಗಿತ್ತು ಎಂದರು.

ಹೊರಗೆ ಕಾಕ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡರು. ಆಮೇಲೆ, "ಪಾತ್ರೆ ತೊಳೆದ್ರೆ ಹೋಗ್ತಿತ್ತು ಮಾರಾಯ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ಯಾ?" ಎಂದರು.

ಮರುದಿನ ಮಧ್ಯಾಹ್ನ ಭಾವ ಹೋದರು. ಹೆಣ ಊರಿಗೆ ಕಳಿಸಲು ಕಾಗದಪತ್ರಕ್ಕೆ ಓಡಾಡಿದವರು ಕಾಕನೇ. ನಾನು ಅಕ್ಕನಿಗೆ ಫೋನ್ ಮಾಡಿ ಹೃದಯ ನಿಂತಿತು ಎಂದೆ, ಅಷ್ಟೇ ಹೇಳಿದೆ. ಅವಳು ಅತ್ತು ಅತ್ತು ಸುಸ್ತಾದ ಮೇಲೆ, "ನೀನು ಹತ್ತಿರ ಇದ್ದಿಯಲ್ಲ ತಮ್ಮಾ. ಅವರಿಗೆ ಬಾಯಿಗೆ ಬೇಕಾದ್ದು ಮಾಡಿ ಹಾಕ್ತಿದ್ದಿ. ನನಗೆ ಅದೊಂದೇ ಸಮಾಧಾನ" ಎಂದಳು.

ನಾನು "ಹೂಂ ಅಕ್ಕ" ಎಂದೆ.